ಖಾಲಿ ಇಡಬಾರದು

ಡಬ್ಬಿಯಲ್ಲಿ ಒಂದು ಗುಂಡು ಕಡಿಮೆ ಇತ್ತು.

ಮೋಹಿತ್ ಬೆಳ್ಳಿ ಆರತಿ ತಟ್ಟೆ ತೆಗೆಯಲು ಬೀರು ತೆರೆದಿದ್ದ. ಗುಂಡಿನ ಡಬ್ಬಿಯ ಮುಚ್ಚಳ ಓರೆಯಾಗಿ ಕೂತಿದ್ದು ಕಣ್ಣಿಗೆ ಬಿತ್ತು. ಅವನು ಏನನ್ನೂ ಓರೆಯಾಗಿ ಇಡುವವನಲ್ಲ. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪ್ಲಾಸ್ಟಿಕ್ ತಟ್ಟೆಯ ಒಂದೊಂದು ತೂತನ್ನೂ ಬೆರಳಲ್ಲಿ ಮುಟ್ಟಿಕೊಂಡು ಹೋದ. ನಿನ್ನೆ ಸಂಜೆ ತಾನೇ ಮನೆಯ ಎರಡೂ ರಿವಾಲ್ವರ್ ಖಾಲಿ ಮಾಡಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗುಂಡುಗಳನ್ನೆಲ್ಲ ಈ ತೂತುಗಳಿಗೆ ತುಂಬಿ ಬೀಗ ಹಾಕಿದ್ದ. ಈಗ ಕಡೇ ಸಾಲಿನಲ್ಲಿ ಒಂದು ತೂತು ಹಲ್ಲು ಬಿದ್ದ ಬಾಯಿಯ ಹಾಗೆ ಕರ್ರಗೆ ಕಾಣುತ್ತಿತ್ತು.

ಹೊರಗೆ ಸಾರಕ್ಕಿ ರಸ್ತೆ ಗದ್ದಲದಲ್ಲಿ ಮುಳುಗಿತ್ತು. ಆಯುಧಪೂಜೆಯ ಬೆಳಿಗ್ಗೆ. ಬೂದುಗುಂಬಳಕಾಯಿ ಗುಡ್ಡೆ ಹಾಕಿಕೊಂಡವರು, ಬಾಳೆಕಂದು ಮಾರುವವರು, ಚೆಂಡುಹೂವಿನ ಮಾಲೆ ಹೊದ್ದು ನಿಂತ ಆಟೋಗಳು. ಪಕ್ಕದ ಗ್ಯಾರೇಜಿನವನು ಆಗಲೇ ಸ್ಪೀಕರ್ ಹಾಕಿದ್ದ. ಆ ಗಲಾಟೆಯ ನಡುವೆ ಮೋಹಿತ್ ಇನ್ನೊಮ್ಮೆ ತೂತುಗಳನ್ನು ಎಣಿಸಿದ.

ಬೀರುವಿನ ಕೀ ದೇವರ ಪಟದ ಹಿಂದೆ ಮೊಳೆಗೆ ನೇತುಹಾಕಿರುತ್ತದೆ. ಅದು ಗೊತ್ತಿರುವುದು ಮೂರು ಜನಕ್ಕೆ: ಅವನಿಗೆ, ಚಿಕ್ಕಪ್ಪ ಬೋರಣ್ಣನಿಗೆ, ಅಜ್ಜಿಗೆ. ಚಿಕ್ಕಪ್ಪ ಗುಂಡಿನ ಡಬ್ಬಿ ಮುಟ್ಟುವವನಲ್ಲ. ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಮದುವೆಮನೆಗಳಿಗೆ ಹೋಗುವುದು ಅವನ ಕೆಲಸ. ಒರೆಸುವುದು, ತುಂಬುವುದು, ಖಾಲಿ ಮಾಡುವುದು ಮೋಹಿತನ ಕೆಲಸ.

ಹಿತ್ತಿಲ ಮೆಟ್ಟಿಲ ಮೇಲೆ ನಾರಾಯಣಮ್ಮ ಕೂತು ಸೇವಂತಿಗೆ ಬಿಡಿಸುತ್ತಿದ್ದಳು. ಅಮ್ಮ ಸತ್ತಾಗ ಇನ್ನೂ ನೆಟ್ಟಗೆ ನಡೆಯದ ಮೋಹಿತನನ್ನು ಸೊಂಟಕ್ಕೆ ಹಾಕಿಕೊಂಡ ಅಜ್ಜಿ. ಈಗ ಕಿವಿ ಮಂದ. ಮಾತಾಡಬೇಕಾದರೆ ಎದುರಿಗೆ ಕೂರಬೇಕು. ಮೋಹಿತ್ ಎದುರಿಗೆ ಕುಕ್ಕುರುಗಾಲಲ್ಲಿ ಕೂತ.

"ಅಜ್ಜಿ, ಬೀರು ತೆಗೆದಿದ್ಯಾ?"

"ಹೂಂ."

"ಡಬ್ಬಿಯಿಂದ ಒಂದು ತಗೊಂಡ್ಯಾ?"

ಅಜ್ಜಿ ಹೂವಿನಿಂದ ಕಣ್ಣೆತ್ತಲಿಲ್ಲ. "ತಗಂಡೆ. ಏನೀಗ?"

"ಎಲ್ಲಿಟ್ಟೆ?"

"ಎಲ್ಲಿಕ್ಕಬೇಕೋ ಅಲ್ಲಿಕ್ಕಿವ್ನಿ. ನಿಮ್ಮಪ್ಪಂದ್ರೊಳಗೆ."

ಮೋಹಿತ್ ಇನ್ನೂ ಹತ್ತಿರ ಸರಿದ. "ಅದನ್ನ ತೆಗೆಯಕ್ಕೆ ನಿಂಗೆ ಹೆಂಗೆ ಬಂತು?"

"ನಿಮ್ಮ ತಾತಂಗೆ ದೀಪ ಹಿಡಿದೋಳು ನಾನು. ಮೇಲ್ಗಡೆ ಒತ್ತಿ ಮುರಿದ್ರೆ ಬಾಯಿ ಬಿಡ್ತದೆ. ಒಂದಿಕ್ಕಿ ಮುಚ್ಚಿದೆ." ಅಜ್ಜಿ ಒಂದು ದಳ ಹಿಸುಕಿ ಮೂಸಿದಳು. "ಖಾಲಿ ಸೇರು ದೇವರ ಮುಂದೆ ಇಕ್ತಾರೇನ್ಲಾ? ಒಂದು ಕಾಳಾದ್ರೂ ಹಾಕಿ ಇಕ್ಬೇಕು. ನಿಮ್ಮ ತಾತ ಇರೋಗಂಟ ಒಂದು ಇಕ್ಕೇ ಪೂಜೆ ಮಾಡಿದ್ದು. ನಿಮ್ಮಪ್ಪ ಬಂದ, ಡೇಂಜರು ಅಂದ, ಖಾಲಿ ಮಡಗ್ದ. ಏನಾಯ್ತು? ಆಯುಧಪೂಜೆ ಆಗಿ ದೀಪಾವಳಿ ಬರೋದ್ರೊಳಗೆ ಹೊಂಟೋದ."

ಅಪ್ಪ ಹೋಗಿದ್ದು ಹಾರ್ಟ್ ಅಟ್ಯಾಕಿನಿಂದ, ಬನಶಂಕರಿ ಬಸ್ ಸ್ಟ್ಯಾಂಡಿನ ಎದುರು ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರಿನ ಮೇಲೆ. ಅದನ್ನು ಈಗ ಹೇಳಿ ಪ್ರಯೋಜನವಿರಲಿಲ್ಲ. ಮೋಹಿತ್ ಎದ್ದ. ಅಜ್ಜಿ ಅವನ ಪ್ಯಾಂಟಿನ ಮೊಣಕಾಲು ಹಿಡಿದಳು.

"ಬೋರಂಗೆ ಹೇಳ್ಬೇಡ ಕಣಪ್ಪ. ಅವತ್ತು ಗ್ಯಾಸ್ ಆರಿಸದು ಮರೆತೆ ಅಂತ ಅಡಿಗೆಮನೆ ಬಿಡಿಸ್ದ. ಇದ್ನ ಕೇಳಿದ್ರೆ ದೇವರ ಕೋಣೆನೂ ಬಿಡಿಸ್ತಾನೆ."

"ಹೇಳಲ್ಲ ಬಿಡು."

ಹೇಳುವುದೇನು, ಹೋಗಿ ತೆಗೆದುಬಿಟ್ಟರೆ ಆಯಿತು ಎಂದುಕೊಂಡು ಅವನು ಹಾಲಿಗೆ ಬಂದ. ಬಂದರೆ ಆಗಲೇ ಹೊತ್ತು ಮೀರಿತ್ತು.

ಹಾಲಿನ ಪೂರ್ವದ ಗೋಡೆಗೆ ಬನಶಂಕರಮ್ಮನ ದೊಡ್ಡ ಪಟ. ಅದರ ಮುಂದೆ ಮಣೆ, ಮಣೆಯ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಎರಡು ರಿವಾಲ್ವರ್, ಮಚ್ಚು, ಕಾರಿನ ಕೀ, ತಾತನ ಕಾಲದ ಕುಡುಗೋಲು. ರಾಹುಕಾಲ ಬರುವ ಮುಂಚೆ ಮುಗಿಸಬೇಕೆಂದು ಬೋರಣ್ಣ ಹಿತ್ತಾಳೆ ತಟ್ಟೆಯಲ್ಲೇ ಮಂಗಳಾರತಿ ಮಾಡಿಬಿಟ್ಟಿದ್ದ. ಎರಡಕ್ಕೂ ಅರಿಸಿನದ ದಾರ ಸುತ್ತಿ, ವೀಳ್ಯದೆಲೆ ಸಿಕ್ಕಿಸಿ, ಬಿಗಿಯಾಗಿ ಗಂಟು ಹಾಕಿದ್ದ. ಆ ದಾರವನ್ನು ನಾಳೆ ಬನ್ನಿ ಮುಡಿಯುವವರೆಗೆ ಬಿಚ್ಚುವ ಹಾಗಿಲ್ಲ. ಅದು ಮನೆತನದ ಕಟ್ಟು. ಅಪ್ಪನ ರಿವಾಲ್ವರಿನ ಬೆನ್ನಿನ ಮೇಲೆ, ಸರಿಯಾಗಿ ಬಾಯಿ ಬಿಡುವ ಜಾಗದಲ್ಲೇ, ದಾರ ಮೂರು ಸುತ್ತು ಬಂದಿತ್ತು.

ಬೋರಣ್ಣ ಬಿಳಿ ಪಂಚೆ ಬಿಳಿ ಶರ್ಟಿನಲ್ಲಿ ಸೋಫಾದ ಮೇಲೆ ಕೂತಿದ್ದ. ಮೋಹಿತ್ ಮಣೆಯ ಹತ್ತಿರ ಬಗ್ಗಿದ್ದೇ ತಡ, "ಏಯ್, ಏನ್ಲಾ ಅದು?" ಅಂದ.

"ದಾರ ಸರಿಯಾಗಿ ಕೂತಿಲ್ಲ ಚಿಕ್ಕಪ್ಪ."

"ಕೂತೈತೆ. ಪೂಜೆ ಆದ್ಮೇಲೆ ಕೈ ಹಾಕ್ಬಾರ್ದು. ಹೋಗು, ಗಾಡಿಗೆ ಕಂದು ಕಟ್ಟು. ರವಿ ಬರ್ತಾವ್ನೆ, ಏಕಾಂತಯ್ಯನೋರೂ ಬರ್ತಾರೆ."

ರವಿಯ ಹೆಸರು ಕೇಳಿ ಮೋಹಿತ್ ಮಣೆಯಿಂದ ಹಿಂದೆ ಸರಿದ. ಚಿಕ್ಕಪ್ಪನ ಜೊತೆಗಾರ ಬಿಲ್ಡರ್ ರವಿಕುಮಾರ ಬರುವುದು ಯಾಕೆಂದು ಅವನಿಗೆ ಗೊತ್ತಿತ್ತು.

ಅಪ್ಪ ಸೀನಪ್ಪ ಸತ್ತ ಮೇಲೆ ರಿವಾಲ್ವರ್ ವರ್ಷಗಟ್ಟಲೆ ಪೊಲೀಸ್ ಸ್ಟೇಷನ್ನಿನ ಕಪಾಟಿನಲ್ಲಿತ್ತು. ಆಮೇಲೆ ಬೋರಣ್ಣನ ಲೈಸೆನ್ಸಿಗೆ ಎರಡನೆಯದಾಗಿ ಬಂತು. ಆ ವರ್ಷ ಅಪ್ಪನ ತಿಥಿಯ ದಿನ ನೆಂಟರ ಮುಂದೆ ಬೋರಣ್ಣ ಬಾಯಿಬಿಟ್ಟು ಹೇಳಿದ್ದ: "ಇದು ಮೋಹಿತಂದೇ. ವಯಸ್ಸಾಗ್ಲಿ, ಅವನ ಹೆಸರಿಗೆ ಮಾಡಿಸ್ತೀನಿ." ಲೈಸೆನ್ಸಿಗೆ ಬೇಕಾದ ವಯಸ್ಸಾಗಿ ಎರಡು ದಸರಾ ಕಳೆದಿತ್ತು. ಕೇಳಿದಾಗಲೆಲ್ಲ ಒಂದೇ ಮಾತು: "ಮೊದ್ಲು ನಿನ್ ಸಿಟ್ಟು ಇಳೀಲಿ. ಕಾಲೇಜಲ್ಲಿ ಲೆಕ್ಚರರ್ ಕಾಲರ್ ಹಿಡಿದು ಓದು ಬಿಟ್ಟೋನು ನೀನು. ಕ್ಯಾಬ್‌ನೋನ ಮಿರರ್ ಮುರಿದು ಸ್ಟೇಷನ್ ಹತ್ತಿಸಿದೋನು. ನಿನ್ ಕೈಗೆ ಅದ್ನ ಕೊಟ್ರೆ ಆಮೇಲೆ ನಾನು ಜೈಲಿಗೆ ಊಟ ತರ್ಬೇಕಾಯ್ತದೆ." ಸತ್ತ ಅಪ್ಪನ ಬಗ್ಗೆ ಲೆಕ್ಚರರ್ ಎಲ್ಲರೆದುರು ಏನಂದಿದ್ದ ಎಂದು ಬೋರಣ್ಣ ಒಂದು ದಿನವೂ ಕೇಳಲಿಲ್ಲ.

ಕಳೆದ ವಾರ ಕಾರಿನಲ್ಲಿ ಫೋನಿನಲ್ಲಿ ಮಾತಾಡುತ್ತ ಬೋರಣ್ಣ ರವಿಕುಮಾರನಿಗೆ ಹೇಳಿದ್ದ: "ಹಬ್ಬಕ್ಕೆ ಬಂದು ಕೈಯಲ್ಲಿ ಹಿಡಿದು ನೋಡು. ಹಿಡಿಸಿದ್ರೆ ನಿನ್ ಹೆಸರಿಗೆ ಟ್ರಾನ್ಸ್‌ಫರ್ ಹಾಕ್ಸಣ." ಸ್ಟಿಯರಿಂಗ್ ಹಿಡಿದು ಕೂತಿದ್ದ ಮೋಹಿತನಿಗೆ ಕೇಳಿಸುತ್ತದೆ ಎಂಬ ನೆನಪೂ ಅವನಿಗಿರಲಿಲ್ಲ. ಅಥವಾ ಇತ್ತೋ ಏನೋ.

ಹೊರಗೆ ಹೋಗಿ ಬಾಳೆಕಂದನ್ನು ಬಂಪರಿಗೆ ಕಟ್ಟಿ ಒಳಗೆ ಬರುವಷ್ಟರಲ್ಲಿ ಇಬ್ಬರೂ ಬಂದು ಕೂತಿದ್ದರು.

ಏಕಾಂತಯ್ಯ ಜಯನಗರದವರು, ಬ್ಯಾಂಕಿನ ರಿಟೈರ್ಡ್ ಮ್ಯಾನೇಜರ್. ಇಸ್ತ್ರಿ ಮಾಡಿದ ಅರ್ಧತೋಳಿನ ಶರ್ಟು, ಹಣೆಯಲ್ಲಿ ವಿಭೂತಿ. ಈ ಮೂವರೂ ಒಬ್ಬರಿಗೊಬ್ಬರು ಗಂಟು ಬಿದ್ದದ್ದು ಎಲೆಕ್ಷನ್ನಿನಿಂದ. ಪ್ರತಿ ಎಲೆಕ್ಷನ್ನಿಗೂ ಲೈಸೆನ್ಸ್ ಇದ್ದವರೆಲ್ಲ ಆಯುಧ ತಂದು ಸ್ಟೇಷನ್ನಿನಲ್ಲಿ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಆ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು ಕೂತು, ನಿಮ್ಮದು ಯಾವುದು, ನಮ್ಮದು ಇಂಥದ್ದು ಎಂದು ಶುರುವಾದದ್ದು ಮನೆಗೆ ಬಂದು ಕಾಫಿ ಕುಡಿಯುವವರೆಗೆ ಬೆಳೆದಿತ್ತು. ಗಂಡಸರಿಗೆ ಹೆಂಡತಿ ಮಕ್ಕಳ ಮೇಲೂ ಇಷ್ಟು ಮಾತು ಹುಟ್ಟುವುದಿಲ್ಲ.

"ನನ್ನದು ಹೊರಗೆ ಬಂದಿದ್ದೇ ಸ್ಟೇಷನ್ನಿಗೆ ಒಪ್ಪಿಸೋದಕ್ಕೆ," ಏಕಾಂತಯ್ಯ ಹೇಳುತ್ತಿದ್ದರು. "ಕಾನ್ಪುರದ ಸರ್ಕಾರಿ ಕಾರ್ಖಾನೆಯದ್ದು, ಬ್ರಾಂಚಿನಿಂದ ಕ್ಯಾಶ್ ಸಾಗಿಸೋ ಕಾಲದಲ್ಲಿ ತಗೊಂಡಿದ್ದು. ಪ್ರತಿ ಭಾನುವಾರ ಬಿಚ್ಚಿ ಒರೆಸಿ ಇಡ್ತೀನಿ. ಹೊಲಿಗೆ ಮಿಷಿನ್ ಎಣ್ಣೆ ಎರಡು ತೊಟ್ಟು. ಇವತ್ತಿಗೂ ಸಿಲಿಂಡರ್ ತಿರುಗೋ ಸದ್ದು ಕೇಳಬೇಕು ನೀವು, ಹಳೇ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ. ನಮ್ಮ ಮನೆಯವರು ಹೇಳ್ತಾರೆ, ನನ್ನ ಮಂಡಿಗೂ ಹಿಂಗೇ ಎಣ್ಣೆ ಹಚ್ಚಿದ್ರೆ ಆಪರೇಷನ್ ತಪ್ತಿತ್ತು ಅಂತ."

ಬೋರಣ್ಣ ಹೊಟ್ಟೆ ಅಲುಗಿಸಿ ನಕ್ಕ. ರವಿಕುಮಾರ ಸೊಂಟದಿಂದ ತನ್ನದನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಸಣ್ಣದು, ಬೂದು ಬಣ್ಣದ್ದು.

"ನೋಡಿ ಗುರು, ಮೊಬೈಲ್‌ಗಿಂತ ಸ್ವಲ್ಪ ಜಾಸ್ತಿ ತೂಕ ಅಷ್ಟೆ. ಸೈಟಲ್ಲಿ ಎರಡು ಸಲ ಬಾತ್‌ರೂಮಿಗೆ ಹೋಗಿ ಬಂದಿದ್ದೀನಿ, ಸೊಂಟದಲ್ಲಿದೆ ಅಂತಾನೇ ಮರೆತೋಗಿತ್ತು."

"ಹೆಂಗಸ್ರ ಬ್ಯಾಗಿಗೆ ಅಂತ ಮಾಡಿರೋದಂತೆ ಕಣಯ್ಯ ಅದು," ಅಂದ ಬೋರಣ್ಣ.

"ಇರ್ಲಿ ಬಿಡಿ ಬೋರಣ್ಣ, ನಿಮ್ದಕ್ಕೆ ಬೆಳ್ಳಿ ನೀರು ಕುಡಿಸಿ ಹಿಡಿ ಮೇಲೆ ಅಮ್ಮನವರ್ನ ಕೆತ್ತಿಸಿದ್ದೀರ. ಅದನ್ನ ನೋಡಿದ್ರೆ ಕಳ್ಳ ಕೈ ಮುಗೀತಾನೆ, ಹೆದರಲ್ಲ."

ಮೂವರೂ ನಕ್ಕರು. ಮೋಹಿತ್ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಚಿಕ್ಕಪ್ಪನ ಮಗಳು ಮಧುಶ್ರೀ ಕೋಸಂಬರಿ, ಸಜ್ಜಿಗೆಯ ತಟ್ಟೆಗಳನ್ನು ತಂದು ಟೀಪಾಯಿಯ ಮೇಲಿಟ್ಟು ಅವನ ಮುಖ ನೋಡಿದಳು.

"ಏನಣ್ಣ, ಹುಷಾರಿಲ್ವಾ?"

"ಏನಿಲ್ಲ. ನೀನು ಒಳಗಿರು. ಹಾಲಿಗೆ ಬರ್ಬೇಡ."

"ಯಾಕೆ?"

"ಬರ್ಬೇಡ ಅಂದೆ ತಾನೆ?"

ಅವಳು ತುಟಿ ತಿರುಚಿ ಒಳಗೆ ಹೋದಳು. ಮಾತಾಡಿದರೆ ಬೈಗುಳವಾಗಿಯೇ ಹೊರಗೆ ಬರುವ ತನ್ನ ಗಂಟಲಿನ ಮೇಲೆ ಅವನಿಗೇ ಜಿಗುಪ್ಸೆಯಾಯಿತು.

"ತೋರ್ಸಿ ಗುರು," ರವಿಕುಮಾರ ಕೈ ಉಜ್ಜಿಕೊಂಡ. "ನಾನು ಬಂದಿದ್ದು ಅದಕ್ಕೆ ತಾನೆ?"

ಬೋರಣ್ಣ ಎದ್ದು, ಕಣ್ಣಿಗೊತ್ತಿಕೊಂಡು, ಅಣ್ಣನ ರಿವಾಲ್ವರನ್ನು ಮಣೆಯಿಂದ ಎತ್ತಿದ. ಹೂವೊಂದು ಉದುರಿತು. ವೆಬ್ಲಿ, ಇಂಗ್ಲೆಂಡಿನದು. ಜಯನಗರ ಇನ್ನೂ ಅರ್ಧ ಹೊಲವಾಗಿದ್ದಾಗ, ತಾತ ಹಾಲು ಹಾಕುತ್ತಿದ್ದ ಮನೆಯ ಮೇಜರ್ ಸಾಹೇಬರು ಊರು ಬಿಡುವಾಗ ತಾತನ ಹೆಸರಿಗೆ ಮಾಡಿಸಿ ಕೊಟ್ಟು ಹೋದದ್ದು. ನಳಿಗೆಯ ಕಪ್ಪು ಬಣ್ಣ ತುದಿಯಲ್ಲಿ ಸವೆದು ಬಿಳಿಚಿದೆ. ಹಿಡಿಯ ಒಂದು ಮಗ್ಗುಲು ಮೂಲದ್ದು. ಇನ್ನೊಂದು ಮಗ್ಗುಲು ಒಡೆದಾಗ ಅಪ್ಪ ಬೀಟೆ ಮರದಲ್ಲಿ ಮಾಡಿಸಿದ್ದು. ಅಪ್ಪನ ಹೆಬ್ಬೆರಳು ಕೂತು ಕೂತು ಅಲ್ಲಿ ಸಣ್ಣ ಕುಳಿ ಬಿದ್ದಿತ್ತು. ನಿನ್ನೆ ಸಂಜೆ ಒರೆಸುವಾಗ ಮೋಹಿತ್ ತನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದ್ದ. ಸರಿಯಾಗಿ ಕೂತಿತ್ತು.

ಬೋರಣ್ಣ ಮೊದಲು ಅದನ್ನು ಹಿರಿಯರೆಂದು ಏಕಾಂತಯ್ಯನವರ ಕೈಗೆ ಕೊಟ್ಟ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ನಳಿಗೆಯನ್ನು ನೆಲಕ್ಕೆ ಮಾಡಿ, ಮೇಲಿನ ಚಿಲಕಕ್ಕೆ ಹೆಬ್ಬೆರಳು ಹಾಕಿದರು. ದಾರ ಅಡ್ಡ ಬಂತು.

"ಮೊದಲು ತೆಗೆದು ನೋಡಬೇಕು ಬೋರಣ್ಣನವರೆ. ಅದು ಕ್ರಮ."

ತೆಗೀರಿ, ಮೋಹಿತನ ಒಳಗೆ ಯಾರೋ ಕೂಗಿದಂತಾಯಿತು. ತೆಗೀರಿ, ತೆಗೀರಿ. ಮರುಕ್ಷಣವೇ, ತೆಗೆದರೆ? ಗುಂಡು ಅಲ್ಲೇ ಇದೆ. ಖಾಲಿ ಮಾಡಿದವನು ಯಾರು?

"ದಾರ ಬಿಚ್ಚಂಗಿಲ್ಲ ಸಾರ್," ಬೋರಣ್ಣ ಅಂದ. "ನಾಳೆಗಂಟ. ನೀವೇನ್ ಯೋಚ್ನೆ ಮಾಡ್ಬೇಡಿ, ನಮ್ ಮೋಹಿತ ನೆನ್ನೆನೇ ಖಾಲಿ ಮಾಡವ್ನೆ. ಅವನಿಗೆ ಬೇರೆ ಏನ್ ಬರ್ದಿದ್ರೂ ಅದೊಂದು ಕೆಲ್ಸ ನೀಟು. ಅಲ್ವೇನ್ಲಾ?"

ಎಲ್ಲರೂ ತಿರುಗಿ ನೋಡಿದರು. ಚಿಕ್ಕಪ್ಪನ ಬಾಯಿಂದ ಹೊಗಳಿಕೆ ಎಂದು ಬಂದದ್ದು ಅವನ ನೆನಪಿನಲ್ಲಿ ಅದೇ ಮೊದಲು. ಈಗ ಹೇಳಬೇಕು. ಇಲ್ಲ ಚಿಕ್ಕಪ್ಪ, ಒಳಗೆ ಒಂದಿದೆ, ಅಜ್ಜಿ ಇಟ್ಟಿದ್ದಾಳೆ. ಅಷ್ಟೇ ಮಾತು. ಅಷ್ಟು ಹೇಳಿದರೆ ಅಜ್ಜಿಗೆ ದೇವರ ಕೋಣೆ ಇಲ್ಲ. ತಾನೇ ಮರೆತೆ ಎಂದರೆ ರಿವಾಲ್ವರ್ ತನಗಿಲ್ಲ.

"ಹೂಂ," ಅಂದುಬಿಟ್ಟ.

ಏಕಾಂತಯ್ಯ ತಲೆಯಾಡಿಸಿದರು. "ಇರಬಹುದು. ಆದರೂ ನಾನು ತೆಗೆದು ನೋಡದೆ ಟ್ರಿಗರ್ ಮುಟ್ಟೋದಿಲ್ಲ." ಸುಮ್ಮನೆ ತೂಕ ನೋಡಿ ಪಕ್ಕಕ್ಕೆ ದಾಟಿಸಿದರು.

ರವಿಕುಮಾರ ಅದನ್ನು ಹಿಡಿದುಕೊಂಡ ಪರಿ ನೋಡಿ ಮೋಹಿತನ ಮೈ ಉರಿಯಿತು. ಆಗ ತಾನೇ ಸಜ್ಜಿಗೆ ತಿಂದ ತುಪ್ಪದ ಕೈ.

"ಏಕಾಂತಯ್ಯನೋರೆ, ಇದು ನಂಗ್ಯಾಕೆ ಬೇಕು ಗೊತ್ತಾ ನಿಮ್ಗೆ? ಪುಟ್ಟೇನಹಳ್ಳಿ ಕೆರೆ ಪಕ್ಕದ ಇವರ ಜಾಗಕ್ಕೆ ಬೇಲಿ ಹಾಕಕ್ಕೆ ನಮ್ಮ ಹುಡುಗ್ರನ್ನ ಕರ್ಕೊಂಡು ನಾನೇ ಹೋಗಿದ್ದೆ. ಆಗಿನ್ನೂ ಬೋರಣ್ಣನ ಪರಿಚಯ ಇಲ್ಲ. ಇವರಣ್ಣ ಸೀನಪ್ಪ ಒಂದು ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ನಡುಮಧ್ಯ ಕೂತವ್ನೆ. ತೊಡೆ ಮೇಲೆ ಇದು. ಬಾಯಿ ಬಿಡಲ್ಲ, ಎದ್ದು ನಿಲ್ಲಲ್ಲ. ಬಿಸ್ಲಲ್ಲಿ ಬೆಳಿಗ್ಗೆಯಿಂದ ಸಂಜೆವರ್ಗೂ ನಿಂತಿದ್ದೀವಿ ಗುರು, ಹದಿನೈದು ಇಪ್ಪತ್ತು ಜನ. ಒಬ್ಬನೂ ಒಂದು ಕಲ್ಲುಕಂಬ ಇಳಿಸ್ಲಿಲ್ಲ. ನನ್ನ ಜೀವಮಾನದಲ್ಲಿ ನಾನು ವಾಪಸ್ ಬಂದಿದ್ದು ಅದೊಂದೇ ಸೈಟಿಂದ."

"ಈಗ ಅದೇ ಜಾಗದಲ್ಲಿ ನಮ್ಮಿಬ್ರುದೂ ಅಪಾರ್ಟ್‌ಮೆಂಟ್ ಏಳ್ತಾ ಐತೆ," ಅಂದ ಬೋರಣ್ಣ, ಯಾವ ಮುಜುಗರವೂ ಇಲ್ಲದೆ.

"ಅದಕ್ಕೇ ಬೇಕು ಅಂದಿದ್ದು. ನನ್ನನ್ನ ಹೆದರ್ಸಿದ ಪೀಸ್ ನನ್ನ ಸೊಂಟದಲ್ಲಿರ್ಬೇಕು."

ಅವತ್ತು ಆ ರಿವಾಲ್ವರ್ ಖಾಲಿ ಇತ್ತು. ಅದು ಭೂಮಿಯ ಮೇಲೆ ಮೋಹಿತನೊಬ್ಬನಿಗೆ ಗೊತ್ತಿದ್ದ ಸಂಗತಿ. ಸಂಜೆ ಮನೆಗೆ ಬಂದ ಅಪ್ಪ ಬೆವರು ಒರೆಸಿಕೊಳ್ಳುತ್ತ ಅವನ ಮುಂದೆ ಅದನ್ನು ಮುರಿದು ತೋರಿಸಿದ್ದ. ಒಂದೂ ಇರಲಿಲ್ಲ. "ಇದ್ದಿದ್ರೆ ನಂಗೆ ಅಷ್ಟು ಹೊತ್ತು ಕೂರಕ್ಕೆ ಆಗ್ತಿರ್ಲಿಲ್ಲ ಮಗಾ," ಅಂದಿದ್ದ. ಆಗ ಮೋಹಿತ್ ಒಂಬತ್ತನೇ ಕ್ಲಾಸು. ಆ ಮಾತು ಅವನಿಗೆ ಇವತ್ತಿನವರೆಗೂ ಅರ್ಥವಾಗಿರಲಿಲ್ಲ.

ರವಿಕುಮಾರ ನಳಿಗೆಯನ್ನು ಫ್ಯಾನಿನ ಕಡೆ ಎತ್ತಿದ. ಟ್ರಿಗರ್ ಒತ್ತಿದ.

ಟಕ್.

ಮೋಹಿತನ ಬೆನ್ನು ಬಾಗಿಲ ಚೌಕಟ್ಟಿಗೆ ಅಂಟಿಕೊಂಡಿತು. ಒಳಗೆ ಆರು ಮನೆ, ಒಂದರಲ್ಲಿ ಮಾತ್ರ ಗುಂಡು. ಒತ್ತಿದಾಗಲೆಲ್ಲ ಸಿಲಿಂಡರ್ ತಿರುಗಿ ಮುಂದಿನ ಮನೆ ನಳಿಗೆಯ ಹಿಂದೆ ಬಂದು ನಿಲ್ಲುತ್ತದೆ.

"ಸಖತ್ತಾಗೈತೆ. ಸ್ವಲ್ಪ ಗಟ್ಟಿ, ಆದ್ರೆ ಬೆಣ್ಣೆ ಕುಯ್ದಂಗೆ ಬರ್ತದೆ."

"ರವಿಯಣ್ಣ, ಸಾಕು, ಕೊಡಿ ಇಲ್ಲಿ," ಮೋಹಿತ್ ಮುಂದೆ ಬಂದ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. "ಪೂಜೆಗೆ ಇಟ್ಟಿರೋದು. ದಾರ ಸಡ್ಲ ಆಗುತ್ತೆ."

"ಆಗ್ಲಿ ಬಿಡು ಮಗಾ. ನಾಳೆಯಿಂದ ದಾರ ಕಟ್ಟೋನು ನಾನೇ."

"ಕೊಡಿ ಅಂದೆ."

ರವಿಕುಮಾರ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಹಲ್ಲಿನ ಸಂದಿಯ ಹೆಸರುಬೇಳೆಯನ್ನು ನಾಲಿಗೆಯಿಂದ ಹುಡುಕುತ್ತ ನಕ್ಕ. "ಯಾಕಪ್ಪ, ಡ್ರೈವರ್ ಸಾಹೇಬ್ರೆ, ನಿಮ್ಮಪ್ಪನ ಆಸ್ತಿನಾ?"

ಬೋರಣ್ಣನೂ ನಕ್ಕ. ಜೋರಾಗಿಯೇನಲ್ಲ. ಮೂಗಿನಲ್ಲಿ, ಮಾತು ಮುಂದುವರಿಯದೆ ಇರಲಿ ಎಂಬಂತೆ. ಆದರೆ ನಕ್ಕ.

ಆ ನಗು ಮೋಹಿತನ ಹೊಟ್ಟೆಯೊಳಗೆ ಇಳಿದು ಅಲ್ಲಿದ್ದ ಹೆದರಿಕೆಯನ್ನೆಲ್ಲ ಒಂದೇ ಸಲಕ್ಕೆ ಆರಿಸಿಬಿಟ್ಟಿತು. ಆ ಜಾಗದಲ್ಲಿ ಬೇರೆ ಏನೋ ಉರಿಯಿತು. ಒತ್ತಲಿ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ತಾನೇನೂ ಮಾಡಬೇಕಾಗಿಲ್ಲ. ಫ್ಯಾನಿಗೋ, ಟೀವಿಗೋ, ತನ್ನ ಮೊಣಕಾಲಿಗೋ ಒತ್ತಿಕೊಳ್ಳಲಿ. ಅಪ್ಪನ ಎದುರು ಇಡೀ ದಿನ ನಿಂತು ಬೆವರಿದವನಿಗೆ ಅಪ್ಪನ ರಿವಾಲ್ವರೇ ಉತ್ತರ ಹೇಳಲಿ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಕೈ ಕಟ್ಟಿಕೊಂಡ. ಜೀವನದಲ್ಲಿ ಮೊದಲ ಸಲ ಸಿಟ್ಟು ಅವನಿಗೆ ಇಷ್ಟು ತಣ್ಣಗೆ, ಇಷ್ಟು ಹಾಯಾಗಿ ಬಂದಿತ್ತು.

"ಹಂಗೆ ಬಾ ದಾರಿಗೆ," ರವಿಕುಮಾರ ಅಂದ. ಒಂದು ಕಣ್ಣು ಮುಚ್ಚಿ ರಿವಾಲ್ವರನ್ನು ಗೋಡೆಯುದ್ದಕ್ಕೂ ನಿಧಾನಕ್ಕೆ ಎಳೆದುಕೊಂಡು ಹೋದ. ಗೋಡೆ ಗಡಿಯಾರ. ಟಕ್. ಏಕಾಂತಯ್ಯ, "ರವಿಕುಮಾರ್, ಬೇಡ, ಅದು ಆಟದ ಸಾಮಾನಲ್ಲ," ಅಂದರು. ರವಿಕುಮಾರ ಕೇಳಿಸಿಕೊಳ್ಳಲಿಲ್ಲ. ನಳಿಗೆ ಕಿಟಕಿ ದಾಟಿತು, ಚಪ್ಪಲಿ ಸ್ಟ್ಯಾಂಡ್ ದಾಟಿತು, ತೆರೆದ ಮುಂಬಾಗಿಲಿಗೆ ಬಂದು ನಿಂತಿತು. ಬಾಗಿಲಾಚೆ ವರಾಂಡದಲ್ಲಿ ಕಾರಿನ ದೃಷ್ಟಿ ತೆಗೆಯಲೆಂದು ತಂದಿಟ್ಟ ಬೂದುಗುಂಬಳಕಾಯಿ ಇತ್ತು.

"ಕುಂಬಳಕಾಯಿ ಒಡೆಯೋಣ್ವಾ ಬೋರಣ್ಣ? ಇಲ್ಲಿಂದ್ಲೇ?"

ಹಿತ್ತಿಲ ಕಡೆಯಿಂದ ಸುತ್ತಿಕೊಂಡು ಬಂದ ನಾರಾಯಣಮ್ಮ ಆಗ ವರಾಂಡದಲ್ಲಿ ಕಾಣಿಸಿದಳು. ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಚಾಕು. ಹಾಲಿಗೆ ಬೆನ್ನು ಮಾಡಿ ಕುಂಬಳಕಾಯಿಯ ಮುಂದೆ ಕೂತು, ತೊಟ್ಟಿನ ಹತ್ತಿರ ಚೌಕವಾಗಿ ಕೊಯ್ಯತೊಡಗಿದಳು. ಒಳಗೆ ಕುಂಕುಮ ತುಂಬಲು. ಕಿವಿ ಕೇಳದವಳು, ಹಿಂದೆ ಏನು ನಡೆಯುತ್ತಿದೆ ಎಂಬುದರ ಸುಳಿವೂ ಇಲ್ಲ. ಅವಳ ನರೆತ ತುರುಬಿನಲ್ಲಿ ಈಗಷ್ಟೇ ಬಿಡಿಸಿದ ಸೇವಂತಿಗೆ ಒಂದಿತ್ತು.

"ಅಜ್ಜಿ, ಅಲ್ಲಾಡ್ಬೇಡಿ," ರವಿಕುಮಾರ ನಗುತ್ತ ಅಂದ. ಅವನ ಬೆರಳು ಬಿಗಿಯಾಯಿತು.

ಮೋಹಿತ್ ಹೇಗೆ ಆ ಟೀಪಾಯಿ ದಾಟಿದನೋ ಅವನಿಗೆ ಗೊತ್ತಿಲ್ಲ. ಕೋಸಂಬರಿಯ ತಟ್ಟೆ ನೆಲಕ್ಕೆ ಬಿತ್ತು. ಅವನ ಬಲಗೈ ಹೋಗಿ ಸಿಲಿಂಡರನ್ನು ಸುತ್ತುವರಿದು ಅಮುಕಿಕೊಂಡಿತು. ಅಪ್ಪ ಹೇಳಿಕೊಟ್ಟಿದ್ದ. ಯಾರಾದರೂ ರಿವಾಲ್ವರ್ ಹಿಡಿದು ಬಂದರೆ ಹೊಟ್ಟೆಗೆ ಗುದ್ದಬೇಡ, ಓಡಬೇಡ, ಗುಂಡಿನ ಮನೆ ಹಿಡಿದುಕೋ. ಅದು ತಿರುಗದಿದ್ದರೆ ಏನೂ ಆಗುವುದಿಲ್ಲ. ಅಂಗೈಯೊಳಗೆ ಅದು ತಿರುಗಲು ಹವಣಿಸಿದ್ದು, ಬಸವನಹುಳು ಸರಿದಷ್ಟು ಸರಿದದ್ದು, ನಿಂತದ್ದು ಅವನಿಗೆ ತಿಳಿಯಿತು.

"ಬಿಡೋ! ಬೆರಳು, ಬೆರಳು!"

"ನೀನು ಬಿಡು."

"ಮೋಹಿತಾ!" ಬೋರಣ್ಣ ಎದ್ದು ಬಂದವನೇ ಅವನ ಕೆನ್ನೆಗೆ ಬಾರಿಸಿದ. ಇನ್ನೊಂದು ಬಾರಿಸಿದ. ಮೋಹಿತ್ ಮುಷ್ಟಿ ಸಡಿಲಿಸಲಿಲ್ಲ. ರವಿಕುಮಾರನ ಕೈಯಿಂದ ರಿವಾಲ್ವರನ್ನು ತಿರುಚಿ ಬಿಡಿಸಿಕೊಂಡು, ಗೋಡೆಯ ಕಡೆ ತಿರುಗಿ, ಹಲ್ಲಿನಿಂದ ಅರಿಸಿನದ ದಾರ ಕಡಿದ. ಚಿಲಕ ಒತ್ತಿ ಮುರಿದ. ಬಾಯಿ ಬಿಟ್ಟ ರಿವಾಲ್ವರ್ ತನ್ನ ಹೊಟ್ಟೆಯಲ್ಲಿದ್ದುದನ್ನು ಹೊರಗೆ ತಳ್ಳಿತು. ನೆಲದ ಮೇಲೆ ಚೆಲ್ಲಿದ್ದ ಹೆಸರುಬೇಳೆಯ ನಡುವೆ ಹಿತ್ತಾಳೆಯ ಗುಂಡೊಂದು ಬಿದ್ದು, ಉರುಳಿ, ಏಕಾಂತಯ್ಯನವರ ಕಾಲ ಹತ್ತಿರ ನಿಂತಿತು.

ಪಕ್ಕದ ಗ್ಯಾರೇಜಿನ ಸ್ಪೀಕರು ಹೊಡೆದುಕೊಳ್ಳುತ್ತಿತ್ತು. ವರಾಂಡದಲ್ಲಿ ಚಾಕು ಕುಂಬಳಕಾಯಿಯೊಳಗೆ ಕರಕರ ಎಂದು ಓಡುತ್ತಲೇ ಇತ್ತು. ಏಕಾಂತಯ್ಯ ಬಗ್ಗಿ ಗುಂಡನ್ನು ಎತ್ತಿ, ತಿರುಗಿಸಿ ನೋಡಿ, ಟೀಪಾಯಿಯ ಮೇಲೆ ನೆಟ್ಟಗೆ ನಿಲ್ಲಿಸಿದರು.

ಬೋರಣ್ಣ ಗುಂಡು ನೋಡಿದ. ಬಾಗಿಲಾಚೆ ತಾಯಿಯ ಬೆನ್ನು ನೋಡಿದ.

"ಯಾರು ಹಾಕಿದ್ದು?"

ಸದ್ದು ಕೇಳದಿದ್ದರೂ ನೆಲದ ಅದುರಿಗೋ ಏನೋ ನಾರಾಯಣಮ್ಮ ತಿರುಗಿದಳು. ಚೆಲ್ಲಿದ ಬೇಳೆ, ಮೊಮ್ಮಗನ ಕೆಂಪು ಕೆನ್ನೆ, ಟೀಪಾಯಿಯ ಮೇಲೆ ನಿಂತ ಗುಂಡು. ಒಂದೊಂದಾಗಿ ಅವಳ ಕಣ್ಣಿಗೆ ಬಂದವು. ಚಾಕು ಕೆಳಗಿಟ್ಟು ಎದ್ದಳು. ಬಾಯಿ ತೆರೆದಳು.

"ನಾನೇ," ಅಂದ ಮೋಹಿತ್. "ನೆನ್ನೆ ಒಂದು ತೆಗೆಯೋದು ಮರ್ತೋಗಿತ್ತು."

"ಬೋರಾ, ಅದು..."

ಮೋಹಿತ್ ಅವಳ ಎದುರಿಗೆ ಹೋಗಿ, ಅವಳಿಗೆ ತನ್ನ ತುಟಿ ಕಾಣುವ ಹಾಗೆ ನಿಂತ. "ಅಜ್ಜಿ, ನೀನು ಒಳಗೆ ಹೋಗು. ಕಾಲಿಗೆ ಬೇಳೆ ಅಂಟುತ್ತೆ."

ಅವಳು ಅವನನ್ನೇ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು, ಬೇಳೆ ತುಳಿಯದಂತೆ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ರವಿಕುಮಾರ ಸೋಫಾದಲ್ಲಿ ಕುಸಿದು ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ. "ಎರಡು ಸಲ ಒತ್ತಿದ್ದೀನಿ ಗುರು. ಎರಡು ಸಲ," ಎಂದು ಯಾರಿಗೆಂದಿಲ್ಲದೆ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತೂ ಹಿಂಗೇ ತುಂಬ್ಕೊಂಡೇ ಕೂತಿದ್ನಲ್ಲ ನಿಮ್ಮಪ್ಪ. ನಂಗ್ ಬೇಡಪ್ಪ ಈ ಪೀಸು," ಅಂದ.

ಮೋಹಿತನ ನಾಲಿಗೆಯ ತುದಿಗೆ ಬಂದಿತ್ತು. ಖಾಲಿ ಇತ್ತು ಕಣಯ್ಯ ಅವತ್ತು. ಖಾಲಿ ರಿವಾಲ್ವರ್ ಮುಂದೆ ನೀನು ಒಂದು ದಿನ ಬೆವರಿದೆ. ಹೇಳಿದ್ದರೆ ಆ ಮುಖ ಹೇಗಾಗುತ್ತಿತ್ತು ಎಂದು ನೋಡಬೇಕಿತ್ತು. ಆದರೆ ಅಂಗೈಯಲ್ಲಿ ಸಿಲಿಂಡರಿನ ಗೀರುಗಳು ಉರಿಯುತ್ತಿದ್ದವು. ಕೈ ಕಟ್ಟಿಕೊಂಡು ನಿಂತಿದ್ದ ಆ ಎರಡು ಹೆಜ್ಜೆಯ ಜಾಗ ಅವನ ಕಣ್ಣೆದುರೇ ಇತ್ತು. ಅವನು ಬಗ್ಗಿ ಬೇಳೆ ಬಳಿಯತೊಡಗಿದ.

"ಇದು ಈ ಮನೇಲಿರಲ್ಲ," ಬೋರಣ್ಣ ಅಂದ. "ಹಬ್ಬ ಮುಗೀಲಿ, ಡೀಲರ್ ಹತ್ರ ಕೊಟ್ಟು ಬರಣ. ಯಾರಾದ್ರೂ ತಗೊಳ್ಲಿ. ನಿನ್ ಕೈಗೆ ಮಾತ್ರ, ನಾನು ಸತ್ರೂ..." ಮಾತು ಮುಗಿಸದೆ ತಾಯಿ ಹೋದ ಬಾಗಿಲನ್ನು ನೋಡುತ್ತ ನಿಂತ. ಅವನ ಬಿಳಿ ಶರ್ಟಿನ ಮೇಲೆ, ಹೊಡೆದ ಕೈಯಿಂದ ಒರೆಸಿಕೊಂಡ ಜಾಗದಲ್ಲಿ, ಅರಿಸಿನ ಹತ್ತಿತ್ತು.

ವಿಜಯದಶಮಿಯ ಮಾರನೇ ದಿನ ಮೋಹಿತನೇ ಕಾರು ಓಡಿಸಿದ. ಬಂಪರಿನ ಬಾಳೆಕಂದು ಬಾಡಿ ರಸ್ತೆಗೆ ತಲೆ ಬಗ್ಗಿಸಿತ್ತು. ಹಿಂದಿನ ಸೀಟಿನಲ್ಲಿ ಬೋರಣ್ಣ, ಅವನ ಪಕ್ಕದಲ್ಲಿ ಟವೆಲಿನಲ್ಲಿ ಸುತ್ತಿದ ರಿವಾಲ್ವರ್, ಅದರ ತೊಗಲಿನ ಕವರು. ದಾರಿಯುದ್ದಕ್ಕೂ ಒಡೆದ ಕುಂಬಳಕಾಯಿಗಳ ಕುಂಕುಮ ಹತ್ತಿ ಕೆಂಪಾದ ತಿರುಳು ಟೈರುಗಳಿಗೆ ಸಿಕ್ಕಿ ಸಿಕ್ಕಿ ರಸ್ತೆಗೆ ಅಂಟಿಕೊಂಡಿತ್ತು. ಕಾರು ಲಾಲ್‌ಬಾಗ್ ದಾಟಿತು. ಸಿಗ್ನಲ್ಲಿನಲ್ಲಿ ನಿಂತಾಗ ಬೋರಣ್ಣ, "ಕೆನ್ನೆ ನೋಯ್ತಾ ಐತಾ?" ಅಂದ. ಮೋಹಿತ್ ಇಲ್ಲವೆಂದು ತಲೆಯಾಡಿಸಿದ. ಹಸಿರು ದೀಪ ಬಂತು.

ಡೀಲರ್ ರಿವಾಲ್ವರ್ ತೆಗೆದುಕೊಂಡ. ಹಳೇ ತೊಗಲಿನ ಕವರು ಬಿರುಕು ಬಿಟ್ಟಿದೆ, ಬೇಡ ಎಂದು ವಾಪಸು ತಳ್ಳಿದ.

ಮನೆಗೆ ಬಂದು ಮೋಹಿತ್ ಆ ಕವರನ್ನು ಹಿತ್ತಿಲ ಮೆಟ್ಟಿಲ ಮೇಲಿಟ್ಟು ಕೈ ತೊಳೆಯಲು ಹೋದ. ತೊಳೆದು ತಿರುಗಿದಾಗ ಅಜ್ಜಿ ಅಲ್ಲಿ ಬಂದು ಕೂತಿದ್ದಳು. ಕವರನ್ನು ಮಡಿಲಲ್ಲಿಟ್ಟುಕೊಂಡು, ಇಷ್ಟು ವರ್ಷ ಒಂದೇ ಆಕಾರ ಹೊತ್ತು ಹೊತ್ತು ಈಗಲೂ ಹಾಗೇ ಉಬ್ಬಿಕೊಂಡಿದ್ದ ಅದರ ಹೊಟ್ಟೆಯನ್ನು ಸವರುತ್ತಿದ್ದಳು. ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಿಂದ ನಾಲ್ಕು ಕಾಳು ಅಕ್ಕಿ ತೆಗೆದು, ಕವರಿನ ಬಾಯಿ ಅಗಲಿಸಿ ಒಳಗೆ ಹಾಕಿದಳು. ಗುಂಡಿ ಒತ್ತಿ ಮುಚ್ಚಿ, ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ ನೋಡಿದಳು.